ಹತ್ತು ಗಂಟೆಯ ಒಟಿಪಿ

“ಇವರನ್ನ ಇಲ್ಲಿಂದ ಓಡಿಸಿ, ಇಲ್ಲಾಂದ್ರೆ ನಾನೇ ಹೋಗ್ತೀನಿ!”

ತುಂಬಿದ ಮೀಟಿಂಗ್‌ನಲ್ಲಿ ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಪರದೆಯ ತುಂಬ ತಮ್ಮದೇ ಕಂಪನಿಯ ಆ್ಯಪ್‌ನ ಲಾಗಿನ್ ಒಟಿಪಿಗಳು. ಹದಿನಾರು ದಿನಗಳಿಂದ, ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ!

ಅವಳು ಆ ಸಾಫ್ಟ್‌ವೇರ್ ಕಂಪನಿಯಲ್ಲಿ ತಪ್ಪು ಹುಡುಕುವ ಟೆಸ್ಟರ್. ಎದುರು ಕೂತವನು ಆ ಲಾಗಿನ್ ಪುಟ ಬರೆದ ಡೆವಲಪರ್. ಮೂರು ವಾರದ ಹಿಂದೆ ಕ್ಯಾಂಟೀನಿನಲ್ಲಿ ಪ್ರೀತಿ ಹೇಳಿಕೊಂಡಿದ್ದ. “ಮೊದಲು ನೆಟ್ಟಗೆ ಕೋಡ್ ಬರೆಯೋದು ಕಲೀರಿ” ಎಂದು ಅವಳು ಎಲ್ಲರೆದುರು ನಕ್ಕಿದ್ದಳು. ಅದಕ್ಕೇ ಈ ಸೇಡು... ಇನ್ನೇನು?

“ಒಂದ್ನಿಮಿಷ, ಆ ನಂಬರ್ ಎಲ್ಲಿಂದ...” ಅವನು ಬಾಯಿ ತೆರೆದ.

“ಒಂದು ಮಾತೂ ಬೇಡ! ನಾಚಿಕೆ ಆಗಲ್ವಾ?”

ಅವನು ಅವಳನ್ನೇ ನೋಡಿದ. ಆಮೇಲೆ ತುಟಿ ಬಿಚ್ಚಲಿಲ್ಲ. ಮ್ಯಾನೇಜರ್ ವಿಚಾರಿಸುವ ಗೋಜಿಗೂ ಹೋಗಲಿಲ್ಲ. ಸಂಜೆಯೊಳಗೆ ಅವನ ಕೆಲಸ ಹೋಯಿತು. ನ್ಯಾಯ ಸಿಕ್ಕಿತು ನೋಡಿ!

ಮರುದಿನ ಹತ್ತಕ್ಕೆ ಫೋನ್ ಸದ್ದು ಮಾಡಿತು. ಮತ್ತೆ ಒಟಿಪಿ!

ಅವನು ಕೆಲಸದಲ್ಲೇ ಇಲ್ಲ, ಮತ್ತೆ ಕಳಿಸಿದ್ದು ಯಾರು? ಅವಳು ತಾನೇ ಬರೆದ ಟೆಸ್ಟ್ ಪ್ರೋಗ್ರಾಮ್ ತೆರೆದಳು. ದಿನವೂ ಹತ್ತಕ್ಕೆ ತಾನಾಗಿ ಓಡಿ, ಲಾಗಿನ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಅದು. ಸುಳ್ಳು ನಂಬರ್ ಇರಬೇಕಾದ ಜಾಗದಲ್ಲಿ ಅವಸರಕ್ಕೆ ಹಾಕಿ ಮರೆತ ನಂಬರ್... ಅವಳದೇ!

ಅವನು ಒಂದನ್ನೂ ಕಳಿಸಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಅದೇ.

ಮಾರನೇ ದಿನ ಅವನ ಮನೆಯ ಬಾಗಿಲು ತಟ್ಟಿದಳು. ತೆರೆದವಳು ಅವನ ಅಕ್ಕ.

“ಓಹೋ, ಆ ಪುಣ್ಯಾತ್ಗಿತ್ತಿ ನೀವೇನಾ? ಇನ್ನೇನು ಉಳಿದಿದೆ ಅಂತ ಬಂದ್ರಿ?”

ಅವನು ಹೊರಗೆ ಬಂದ. ಒಳಗೆ ಬನ್ನಿ ಎನ್ನಲಿಲ್ಲ.

“ನನ್ನದೇ ಟೆಸ್ಟ್ ಅಂತ ನಿಮಗೆ ಗೊತ್ತಿತ್ತಾ?”

“ಮೀಟಿಂಗ್‌ನಲ್ಲಿ ಆ ಟೈಮ್ ನೋಡಿದ ಕೂಡ್ಲೇ ಹೊಳೀತು. ನಿಮ್ಮ ಟೆಸ್ಟ್ ಓಡೋದೂ ಹತ್ತಕ್ಕೇ ಅಲ್ವಾ.”

“ಮತ್ಯಾಕೆ ಸುಮ್ಮನಿದ್ರಿ?”

“ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಅಲ್ಲದೆ... ನಾನು ಅಂಥವನು ಅಂತ ನಂಬಿಬಿಟ್ರಲ್ಲ, ಆಮೇಲೆ ಅಲ್ಲಿರೋಕೆ ಮನಸ್ಸಾಗಲಿಲ್ಲ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ನನ್ನ ಕೆಲಸಾನೂ ಹೋಯ್ತು. ಮ್ಯಾನೇಜರ್‌ಗೆ ಎಲ್ಲ ಬರೆದುಕೊಟ್ಟೆ. ಆ ಟೆಸ್ಟನ್ನೂ ನಿಲ್ಲಿಸಿ ಬಂದೆ.”

“ಒಳ್ಳೇದು. ಇನ್ನು ನೆಮ್ಮದಿಯಾಗಿರಿ.”

“ಎಲ್ಲಿಯ ನೆಮ್ಮದಿ! ಇವತ್ತು ಹತ್ತಕ್ಕೆ ಫೋನ್ ಸದ್ದು ಮಾಡಲಿಲ್ಲ... ಕೂತು ಅತ್ತೆ. ಅಷ್ಟು ದಿನ ಬೈಕೊಂಡೇ ಕಾಯ್ತಿದ್ದೆ ಕಣ್ರೀ... ನೀವೇ ಕಳಿಸ್ತಿದೀರ ಅಂತ!”

ಅವನು ಹೊಸ್ತಿಲ ನೆರಳಿಗೆ ಸರಿದ. ಅವಳು ಅಲ್ಲೇ, ಬಿಸಿಲಿನಲ್ಲೇ ನಿಂತಳು. ಅಷ್ಟಾದರೂ ಅನುಭವಿಸಲಿ ಬಿಡಿ.

“ನಾಳೆ ಹತ್ತಕ್ಕೆ ನಾನೇ ಫೋನ್ ಮಾಡಿದ್ರೆ... ಬೈತೀಯಾ?” ಕೊನೆಗೆ ಅವನು ಕೇಳಿದ.

“ಬೈತೀನಿ,” ಅವಳು ಕಣ್ಣೊರೆಸಿಕೊಂಡಳು. “ಆದ್ರೆ ಮೊದಲ ರಿಂಗಿಗೇ ಎತ್ತುತ್ತೀನಿ.”