ಹೊಗೆ ತಾಕಿದ ಹುರುಳಿ ಮೊಳಕೆ

"ಅಯ್ಯೋ, ತಲೆ ಜೋಪಾನ ಕಣ್ರೀ!"

ಅಟ್ಟದಿಂದ ಜಾರಿದ ತೆಂಗಿನಕಾಯಿ ಬೆಟ್ಟಸ್ವಾಮಿಯ ಕಾಲ ಬಳಿ ಧೊಪ್ಪನೆ ಬಿತ್ತು. ತಲೆಯೆತ್ತಿದರೆ, ಮೇಲೆ ಮನೆಯ ಮಗಳು ಗಿರಿಜಾಂಬಿಕಾ!

"ಮನೆ ಬಾಡಿಗೆಗೆ ಬಂದೋರ್ನ ಹಿಂಗಾ ಸ್ವಾಗತಿಸೋದು?" ಅವನು ನಕ್ಕ.

ಆ ನಗುವಿಗೇ ಅವಳು ಸೋತಳು...

ಅದು 1983. ತಿಪಟೂರಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಅವನು ಬಿಳಿಗೆರೆಯ ಅವಳ ಮನೆಯಲ್ಲಿ, ಅಟ್ಟದ ಕೆಳಗಿನ ಕೋಣೆ ಹಿಡಿದಿದ್ದ. ಕೋಣೆ ತುಂಬ ಹುರುಳಿ ಮೊಳಕೆಯ ತಟ್ಟೆಗಳು.

"ಇದ್ರಲ್ಲಿ ಏನ್ ಹುಡುಕ್ತೀರಿ?" ಅವಳು ಕೇಳಿದಳು.

"ಜೀವಕೋಶದೊಳಗೆ ಮೈಟೊಕಾಂಡ್ರಿಯ ಅಂತಿದೆ. ಕೋಶಕ್ಕೆ ಶಕ್ತಿ ಕೊಡೋ ಒಲೆ ಅನ್ಕೊಳ್ಳಿ. ಸೆಕೆ ಹೆಚ್ಚಾದ್ರೆ ಅದರ ಪ್ರೋಟೀನುಗಳು ಕೆಡ್ತವೆ. ಕೆಟ್ಟಿದ್ದನ್ನ ಕೋಶವೇ ಚೂರು ಮಾಡಿ ತೆಗೆಯುತ್ತೆ, ಬದುಕೋಕೆ. ಹೇಗೆ ಅಂತ ಹುಡುಕ್ತಿದೀನಿ."

ಆಷಾಢದಲ್ಲಿ ಅವನು ನಾಲ್ಕು ದಿನ ಬೆಂಗಳೂರಿಗೆ ಹೊರಟ.

"ನಿಮ್ಮ ಅಟ್ಟದ ಕಾಯಿ ನೋಡ್ಕೊಂಡಂಗೇ ಈ ಮೊಳಕೆಗಳನ್ನೂ ನೋಡ್ಕೊ, ಗಿರಿಜಾ."

ಗಿರಿಜಾ! ಮೊದಲ ಸಲ ಹಾಗೆ ಕರೆದಿದ್ದ.

ಮರುದಿನವೇ ಸೋನೆ ಹಿಡಿಯಿತು. ಥಂಡಿಗೆ ಕಾಯಿ ಕೊಳೆಯದಿರಲು ಅಟ್ಟದ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕುವುದು ಅವರ ವಾಡಿಕೆ. ಅವಳೂ ಹಾಕಿದಳು. ಮೊಳಕೆಗಳನ್ನು ಮುತುವರ್ಜಿಯಿಂದ ಬೆಂಕಿಯ ಹತ್ತಿರಕ್ಕೇ ಸರಿಸಿದಳು.

ಬಂದವನು ಬಾಗಿಲಲ್ಲೇ ನಿಂತ.

"ಬೆಂಕಿ ಹಾಕಿದ್ಯಾ? ನಾನು ಅಳತೆ ಮಾಡಿ ಬಿಸಿ ಕೊಡೋವರೆಗೂ ಇವು ತಂಪಲ್ಲಿರಬೇಕಿತ್ತು! ಎರಡು ವರ್ಷದ ಕೆಲಸ... ಅಷ್ಟೂ ತಿಳಿಯಲ್ವಾ ನಿಂಗೆ?"

"ಕಾಯಿ ನೋಡ್ಕೊಂಡಂಗೇ ಅಂದ್ರಲ್ಲ..."

ಅವನಿಗೆ ಕೇಳಿಸಲೇ ಇಲ್ಲ. ಬಾಡಿದ ಮೊಳಕೆಯ ತಟ್ಟೆಗಳನ್ನು ಹೊತ್ತು ಅಂದೇ ಹೊರಟುಹೋದ.

ಆಮೇಲೆ ಅವಳು ಹೊಗೆ ಹಾಕಲು ಒಪ್ಪಲೇ ಇಲ್ಲ. ಅವ್ವ ಗುರುಸಿದ್ದಮ್ಮನೇ ಹಾಕಿದಳು. ಸಿಪ್ಪೆಯ ವಾಸನೆ ಬಂದರೆ ಸಾಕು, ಗಿರಿಜಾ ಹಿತ್ತಿಲಿಗೆ ಓಡುತ್ತಿದ್ದಳು. 'ನಾನೇ ಹಾಳು ಮಾಡಿದೆ... ನಾನೇ!'

"ಹೊಗೆಗೆ ಕಣ್ಣು ಉರೀತದೇನೇ?" ಅವ್ವ ಕೇಳುತ್ತಿದ್ದಳು.

"ಹ್ಞೂ ಕಣವ್ವ."

ಹದಿನಾಲ್ಕು ತಿಂಗಳಾದ ಮೇಲೆ ಬಾಗಿಲಲ್ಲಿ ಬೆಟ್ಟಸ್ವಾಮಿ! ಸೊರಗಿದ್ದ. ಕೈಯಲ್ಲೊಂದು ಮೊಳಕೆಯ ತಟ್ಟೆ.

"ಆ ಮೊಳಕೇಲಿ ಕೆಲವು ಬದುಕಿದ್ವು, ಗಿರಿಜಾ. ಆಮೇಲೆ ಥರ್ಮಾಮೀಟರ್ ಇಟ್ಟು ಹಂತಹಂತವಾಗಿ ಬಿಸಿ ಕೊಟ್ಟು ನೋಡಿದೆ. ಕೆಟ್ಟ ಪ್ರೋಟೀನು ಚೂರಾಗೋದು ಕಾಣಿಸ್ತು. ದಾರಿ ತೋರಿಸಿದ್ದು ನಿನ್ನ ಹೊಗೆ..."

ಅವಳು ನಗಲಿಲ್ಲ.

"ಕಾಣಿಸ್ದೇ ಹೋಗಿದ್ರೆ? ಬರ್ತಿದ್ರಾ?"

ಅವನು ತಲೆ ತಗ್ಗಿಸಿದ.

"ಗೊತ್ತಿಲ್ಲ... ಬರೋ ಮುಖ ಇರಲಿಲ್ಲ. ಕಾಗದ ಬರೆದೆ, ಹರಿದೆ. ನಿನ್ನ ಬಿಟ್ಟು ಒಂದು ದಿನಾನೂ ನೆಮ್ಮದಿಯಿಲ್ಲ, ಅದೊಂದು ಗೊತ್ತು."

ಅವಳ ಕಣ್ಣು ತುಂಬಿ ಹರಿಯಿತು.

"ಬರ್ತಿದ್ದೆ ಅಂತ ಸುಳ್ಳು ಹೇಳಿದ್ರೆ ಬಾಗಿಲು ಹಾಕ್ಕೋತಿದ್ದೆ..."

ಅವನ ಕೈಯಿಂದ ತಟ್ಟೆ ಇಸಿದುಕೊಂಡಳು.

"ಈ ಸಲನಾದ್ರೂ ಹೇಗೆ ನೋಡ್ಕೋಬೇಕು ಅಂತ ಸರಿಯಾಗಿ ಹೇಳಿ ಹೋಗಿ."

"ಹೋಗಲ್ಲ ಕಣೇ," ಅವನು ಹೊಸಿಲು ದಾಟಿದ. "ಇಲ್ಲೇ ಇದ್ದು, ನಿನ್ ಜೊತೆ ನೋಡ್ಕೋತೀನಿ."