ಎರಡೂ ಗೇಟು ಒಟ್ಟಿಗೆ

ಮುಂದೆ ಆನೆ. ಹಿಂದೆ ಶರತ್.

ನಡುವೆ ನಾನು. ಪಕ್ಕದಲ್ಲಿ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗವಚಿಕೊಂಡ ಒಬ್ಬ ಮೇಡಂ!

ಆನೆ, ಶರತ್, ಎರಡರಲ್ಲಿ ಯಾವುದು ವಾಸಿ ಎಂದು ಕೇಳಬೇಡಿ. ಆನೆಯ ಕಣ್ಣಲ್ಲಿ ಏನೋ ಒಂದು ಯೋಚನೆಯಾದರೂ ಇತ್ತು...

ನಾವು ನಿಂತಿದ್ದದ್ದು ಹಂಗಳದಾಚೆ, ಆನೆ ತಡೆಯಲು ಕಾಡಂಚಿಗೆ ಹಾಕಿದ ರೈಲ್ವೆ ಕಂಬಿಯ ಬೇಲಿಯಲ್ಲಿ. ಆ ಬೇಲಿಗೆ ಹೊಸದಾಗಿ ಜೋಡಿ ಗೇಟು ಹಾಕಿದ್ದರು. ಒಂದು ಕಾಡಿನ ಕಡೆಗೆ, ಇನ್ನೊಂದು ಊರಿನ ಕಡೆಗೆ. ಮಧ್ಯೆ ಒಂದು ಜೀಪು ನಿಲ್ಲುವಷ್ಟು ಜಾಗ. ಎರಡೂ ಮುಚ್ಚಿದ್ದವು. ಆ ಮಧ್ಯದಲ್ಲಿ ನಾವಿಬ್ಬರು, ಬೋನಿಗೆ ಬಿದ್ದ ಇಲಿಗಳ ಹಾಗೆ.

ಹೇಗೆ ಬಿದ್ದೆವು? ಹೇಳುತ್ತೇನೆ, ಕೇಳಿ.

ನನ್ನ ಹೆಸರು ರಾಚಯ್ಯ. ಚಾಮರಾಜನಗರದಲ್ಲಿ ನನ್ನದು ಬೋರ್ಡಿಲ್ಲದ ಕಸುಬು. ಆಗದ ಕೆಲಸ ಆಗಿಸುವುದು. ಒಪ್ಪದವರನ್ನು ಒಪ್ಪಿಸುವುದು. ಅಗತ್ಯ ಬಿದ್ದರೆ ಸ್ವಲ್ಪ ಹೆದರಿಸುವುದು... ಕೈ ಮಾಡುವುದು ಅಪರೂಪ. ಮುಕ್ಕಾಲು ಕೆಲಸವನ್ನು ನನ್ನ ಮುಖವೇ ಮುಗಿಸುತ್ತದೆ.

ಕಳೆದ ವರ್ಷ ಗುಂಡ್ಲುಪೇಟೆಯ ಸಾವ್ಕಾರ ಶಾಂತಮಲ್ಲಪ್ಪ ಹೇಳಿ ಕಳಿಸಿದ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ, ಕೈ ತುಂಬ ಕಂಟ್ರಾಕ್ಟು. ಹಂಗಳದ ಜೋಡಿ ಗೇಟು ಅವನದೇ ಕೆಲಸ. ಫಾರೆಸ್ಟಿನವರ ಜೀಪು ಒಂದು ಗೇಟಿನಿಂದ ಒಳಗೆ ಬರಬೇಕು, ಅದು ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು. ತೆರೆಯಲು ಎರಡೂ ಕಡೆಯ ಕಂಬಕ್ಕೆ ಒಂದೊಂದು ಸ್ವಿಚ್ಚು. ಎರಡೂ ಒಟ್ಟಿಗೆ ತೆರೆದರೆ ಆನೆ ನೇರ ಊರಿಗೆ! ಇದನ್ನೆಲ್ಲ ನೋಡಿಕೊಳ್ಳಲು ಕಂಬದ ಮೇಲೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೊಂದು ಪ್ರೋಗ್ರಾಂ. ಅದು ಸರಿಯಿದೆ ಎಂದು ಚಾಮರಾಜನಗರದ ಒಂದು ಇಂಜಿನಿಯರಿಂಗ್ ಕಾಲೇಜಿನ ರೂಪಶ್ರೀ ಮೇಡಂ ಸರ್ಟಿಫಿಕೇಟು ಕೊಡಬೇಕಿತ್ತು. ಕೊಡುವುದಿಲ್ಲ ಎಂದಿದ್ದರು.

"ಆಯಮ್ಮುನ್ ಕೈಲಿ ಒಂದ್ ಸೈನ್ ಆಕ್ಸಿಕೊಡ್ಲಾ ರಾಚಯ್ಯ. ಸುಕ್ರವಾರ ಪೂಜೆ ಮಡಗಿವ್ನಿ," ಎಂದ.

ಒಂದು ಸೈನು! ಕಾಫಿ ಆರುವುದರೊಳಗೆ ಮುಗಿಸುವ ಕೆಲಸ.

ಮುಗಿಯಲಿಲ್ಲ.

ರೂಪಶ್ರೀ ಮೇಡಂ ಭೀಮನಬೀಡಿನವರು. ಮೂವತ್ತರ ಆಸುಪಾಸು. ನನ್ನ ಮುಖ ನೋಡಿದ ಮೇಲೂ ಕುರ್ಚಿ ತೋರಿಸಿದರು. ಅವರ ಸಂಶೋಧನೆಗೆ ಫಾರ್ಮಲ್ ಮೆಥಡ್ಸ್ ಅಂತ ಹೆಸರಂತೆ. ಒಂದು ಪ್ರೋಗ್ರಾಮನ್ನು ನಾಲ್ಕು ಸಲ ಓಡಿಸಿ, ಸರಿಯಿದೆ ಬಿಡು ಅನ್ನುವುದಲ್ಲ. ಅದು ಹಿಡಿಯಬಹುದಾದ ಒಂದೊಂದು ದಾರಿಯನ್ನೂ ಕಂಪ್ಯೂಟರ್ ಕೈಲಿ ಹುಡುಕಿಸಿ, ತಪ್ಪೇ ಇಲ್ಲವೆಂದು ಗಣಿತದಲ್ಲಿ ಸಾಧಿಸುವುದು. ತಪ್ಪಿದ್ದರೆ, ಅಲ್ಲಿಗೆ ಹೋಗುವ ದಾರಿಯನ್ನು ಕಂಪ್ಯೂಟರೇ ಬಿಡಿಸಿ ತೋರಿಸುತ್ತದೆ. ಶಾಂತಮಲ್ಲಪ್ಪನ ಗೇಟಿಗೆ ತೋರಿಸಿತ್ತು.

ಮೊದಲು ಕರೆಂಟು ಹೋಗಬೇಕು. ಕರೆಂಟು ಇಲ್ಲದ ಹೊತ್ತಿನಲ್ಲಿ ಊರ ಕಡೆಯ ಸ್ವಿಚ್ಚನ್ನು ಒಬ್ಬರು, ಕಾಡಿನ ಕಡೆಯ ಸ್ವಿಚ್ಚನ್ನು ಇನ್ನೊಬ್ಬರು ಒತ್ತಿ ಹಿಡಿದಿರಬೇಕು. ಆಗ ಕರೆಂಟು ಬಂತೋ, ಪೆಟ್ಟಿಗೆ ಹಿಂದಿನದನ್ನೆಲ್ಲ ಮರೆತು ಎರಡೂ ಗೇಟನ್ನು ಒಟ್ಟಿಗೆ ತೆಗೆದುಬಿಡುತ್ತದೆ!

ಲಕ್ಷ ದಾರಿಯಲ್ಲಿ ಒಂದು ಯಾವ ಲೆಕ್ಕ ಮೇಡಂ, ಅದೊಂದನ್ನು ಬಿಟ್ಟುಬಿಡಿ ಎಂದೆ. ಬಿಡಲು ಬರುವುದಿಲ್ಲ ಎಂದರು. ಹಾಗಾದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗುತ್ತೇನೆ ಎಂದೆ. ಹೋಗಿ, ಯಾರ ಕಂಪ್ಯೂಟರಿಗೆ ಹಾಕಿದರೂ ಇದೇ ಉತ್ತರ ಬರುತ್ತದೆ ಎಂದರು. ಚಾರ್ಜರನ್ನೂ ಕಿತ್ತು ಮುಂದಿಟ್ಟರು!

ಸಾಕ್ಷಿಗಳನ್ನು ತಿರುಗಿಸಿದ್ದೇನೆ... ಫೈಲುಗಳನ್ನು ಮಾಯ ಮಾಡಿದ್ದೇನೆ... ಹೊಡೆದರೂ, ಬಚ್ಚಿಟ್ಟರೂ, ಸುಟ್ಟರೂ ಬದಲಾಗದ ಸಂಗತಿಯೊಂದನ್ನು ಕಂಡದ್ದು ಅವತ್ತೇ ಮೊದಲು. ಹೆದರಿಸಲು ಹೋದವನು ಹೆದರಿಕೊಂಡು ವಾಪಸ್ ಬಂದೆ.

ಶಾಂತಮಲ್ಲಪ್ಪ ಹೊಟ್ಟೆ ಕುಣಿಸಿ ನಕ್ಕ. ಅಷ್ಟೂ ಒಂದೇ ಗಳಿಗೆಯಲ್ಲಿ ಕೂಡಿಬರಲು ಅದೇನು ಮದುವೆ ಮುಹೂರ್ತವೇ ಎಂದ. ಆಮೇಲೆ ನಗು ನಿಲ್ಲಿಸಿ, ನೀನೂ ಆಯಮ್ಮನ ಕಡೆ ಸೇರಿಕೊಂಡೆಯಾ ಎಂದು ಕೇಳಿದ.

ನಿಜ ಹೇಳಲೇ? ಸೇರಿಕೊಂಡಿದ್ದೆ.

ಶುಕ್ರವಾರ ಹಂಗಳದ ಜನರೆದುರೇ ವಿಷಯ ಹೇಳಿಬಿಡುತ್ತೇನೆ ಎಂದು ಮೇಡಂ ಹೊರಟರು. ನನ್ನ ಬೈಕಿನಲ್ಲೇ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ದಾಟಿದ್ದೆವು, ಅಷ್ಟೇ... ಹಿಂದೆ ಜೀಪು! ಓಡಿಸುತ್ತಿದ್ದವನು ಶರತ್, ಸಾವ್ಕಾರನ ಬಲಗೈ. ಆ ಕೈಯಲ್ಲಿ ಬಲವಿತ್ತು, ತಲೆಯಲ್ಲಿ ಏನಿತ್ತೋ ಆ ಮಾದಪ್ಪನೇ ಬಲ್ಲ.

ಆಕ್ಸಿಲರೇಟರ್ ತಿರುಚಿದೆ. ಕೇರಳದ ಎರಡು ತರಕಾರಿ ಲಾರಿಗಳ ಸಂದಿಯಲ್ಲಿ ನುಗ್ಗಿದೆ. ಎರಡೂ ಕಡೆಯಿಂದ ಮಲಯಾಳದಲ್ಲಿ ಬೈಗುಳ ಬಿತ್ತು. ಚೆಂಡುಹೂವಿನ ಹೊಲಕ್ಕೆ ಇಳಿಸಿದೆ. ಅವನೂ ಇಳಿಸಿದ! ಹೂ ಕೊಯ್ಯುತ್ತಿದ್ದ ಹೆಂಗಸರು ಮಂಕರಿ ಬಿಸಾಕಿ ಓಡಿದರು. ಬದು ಹಾರಿಸಿದೆ. ಅವನೂ ಹಾರಿಸಿದ! ಮೇಡಂ ಹಿಂದಿನಿಂದ, ಲ್ಯಾಪ್‌ಟಾಪ್ ಜೋಪಾನ ಎನ್ನುತ್ತಲೇ ಇದ್ದರು. ಕೊನೆಗೆ ಹಂಗಳದ ಗೇಟಿನ ಮುಂದೆ ಅಡ್ಡ ಹಾಕಿ ಹಿಡಿದ.

ನಾವು ಹೊರಟಿದ್ದೂ ಅಲ್ಲಿಗೇ. ಸುಮ್ಮನೆ ರಸ್ತೆಯಲ್ಲೇ ಬಂದಿದ್ದರೆ ಸೊಂಟವಾದರೂ ಉಳಿಯುತ್ತಿತ್ತು.

ಜನ ಇನ್ನೂ ಬಂದಿರಲಿಲ್ಲ. ಶಾಮಿಯಾನದಲ್ಲಿ ಮೈಕೊಂದೇ ಭಕ್ತಿಗೀತೆ ಹಾಡುತ್ತಿತ್ತು. ಶಾಂತಮಲ್ಲಪ್ಪ ನಮ್ಮಿಬ್ಬರನ್ನೂ ಗೇಟುಗಳ ನಡುವೆ ತಳ್ಳಿಸಿ, ಹಿಂದಿನದನ್ನು ಮುಚ್ಚಿಸಿದ. ಸ್ವಿಚ್ಚುಗಳಿದ್ದದ್ದು ಹೊರಗೆ.

"ಎಲ್ಡೂ ಗೇಟು ಒಟ್ಗೆ ತಗೀತವೆ ಅಂತೀಯಲ್ಲಮ್ಮಿ. ತಗಸ್ಕಂಡು ಈಚ್ಗೆ ಬಾ, ನಿನ್ ಮಾತ ಒಪ್ಕತೀನಿ. ಬರಕಾಗ್ನಿಲ್ವಾ, ಸೈನ್ ಆಕ್ಬುಡು."

ಇದರಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಮೇಡಂ ಕೂಡ ಒಂದು ಗಳಿಗೆ ತಲೆದೂಗಿದರು!

ಆಗಲೇ ಲಂಟಾನದ ಪೊದೆ ಸರಿಸಿಕೊಂಡು ಅದು ಬಂತು. ಒಂಟಿ ಸಲಗ.

ಯಾಕೆ ಬಂತು ಅಂತೀರಿ? ಪೂಜೆ ಎಂದ ಮೇಲೆ ಬಾಳೆ ಕಂದು ಬೇಡವೇ! ಕಬ್ಬಿನ ಜಲ್ಲೆ ಬೇಡವೇ! ಊರ ಕಡೆಯ ಕಂಬಕ್ಕೂ ಕಟ್ಟಿಸಿದ್ದ, ಕಾಡಿನ ಕಡೆಯ ಕಂಬಕ್ಕೂ ಕಟ್ಟಿಸಿದ್ದ ಶಾಂತಮಲ್ಲಪ್ಪ. ಆನೆ ಬಾರದಿರಲೆಂದು ಮಾಡಿದ ಗೇಟಿಗೆ! ನಮ್ಮವರಿಗೆ ಹೊಸದು ಏನೇ ಬರಲಿ, ಬಾಳೆ ಕಂದು ಕಟ್ಟದಿದ್ದರೆ ಅದಕ್ಕೆ ಕಳೆಯೇ ಇಲ್ಲ.

ಆನೆಯನ್ನು ನೋಡಿ ಸಾವ್ಕಾರನಿಗೆ ಖುಷಿಯೇ ಆಯಿತು. ಇನ್ನು ಸೈನು ಬೇಗ ಬೀಳುತ್ತದಲ್ಲ! ಸೈನ್ ಹಾಕಿಬಿಡಿ ಮೇಡಂ, ಜೀವ ಇದ್ದರೆ ಗಣಿತ ಎಂದು ನಾನೂ ಅಂಗಲಾಚಿದೆ.

"ನಾನ್ ಸೈನ್ ಹಾಕುದ್ರೆ ನಾಳೆ ಇದೇ ಜಾಗ್ದಲ್ಲಿ ಇನ್ಯಾರೋ ನಿಂತಿರ್ತಾರೆ ರಾಚಯ್ಯನೋರೇ," ಎಂದರು.

ಮೈಕು ಗಪ್ಪನೆ ನಿಂತಿತು. ಕರೆಂಟು ಹೋಯಿತು!

ಕಾವಲಿಗಿದ್ದ ಶರತ್‌ಗೆ ಹಾಡಿಲ್ಲದೆ ಬೇಸರ ಬಂತೋ ಏನೋ, ಊರ ಕಡೆಯ ಕಂಬಕ್ಕೆ ಬೆನ್ನು ಕೊಟ್ಟು ಒರಗಿ, ಮೊಬೈಲ್ ತೆಗೆದ. ಅಂಗೈಯಗಲದ ಕೆಂಪು ಸ್ವಿಚ್ಚು ಅವನ ಬೆನ್ನಡಿ ಮಾಯವಾಯಿತು. ಕಂಬ ಬಿಟ್ಟು ಈಚೆ ಬಾರೋ ಎಂದು ಕಿರುಚಿದೆ. ಕಂಬ ನಿಮ್ಮಪ್ಪನದಾ ಎಂದು ಕೇಳಿ, ಇನ್ನೂ ಚೆನ್ನಾಗಿ ಒರಗಿದ.

ಇತ್ತ ಆನೆ ಕಬ್ಬಿಗೆ ಸೊಂಡಿಲು ಹಾಕಿತು. ಹಗ್ಗ ಗಟ್ಟಿಯಿತ್ತು. ಕಂಬಕ್ಕೆ ಹಣೆಯಿಟ್ಟು ಅದುಮಿಕೊಂಡು ಎಳೆಯತೊಡಗಿತು. ಕಾಡಿನ ಕಡೆಯ ಸ್ವಿಚ್ಚಿದ್ದದ್ದು ಸರಿಯಾಗಿ ಆ ಹಣೆಯ ಕೆಳಗೆ!

"ಮೇಡಂ... ಇವತ್ತೊಂದ್ ದಿನ ನಿಮ್ ಲೆಕ್ಕ ತಪ್ಪಾಗ್ಲಿ."

"ತಪ್ಪಾಗಕ್ಕಾಗಲ್ಲ."

ಅವರ ದನಿಯಲ್ಲಿ ಒಂದು ಚೂರು ಹೆಮ್ಮೆ. ಸಾಯುವ ಹೊತ್ತಿನಲ್ಲೂ! ನನಗೆ ಮೈಯೆಲ್ಲ ಉರಿಯಿತು. ಅದರ ಜೊತೆಗೇ ಆ ಹೆಣ್ಣುಮಗಳ ಮೇಲೆ ಭಾರಿ ಗೌರವವೂ ಹುಟ್ಟಿತು.

ಉಳಿದದ್ದು ಕರೆಂಟು ಬರುವುದೊಂದೇ. ಅದೇನು ಅಷ್ಟು ಸುಲಭಕ್ಕೆ ಬರುವುದಿಲ್ಲ ಎಂದು ಧೈರ್ಯ ತಂದುಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ, ಕರೆಂಟು ಬಾರದಿರಲಪ್ಪಾ ಎಂದು ಮಾದಪ್ಪನಿಗೆ ಹರಕೆ ಹೊತ್ತೆ.

ಆದರೆ ಸಾವ್ಕಾರನಿಗೆ ಮೈಕು ಬೇಕಿತ್ತು! ಲೈನ್‌ಮನ್‌ಗೆ ಫೋನ್ ಹಾಕಿ, ಪೂಜೆಯ ಹೊತ್ತು, ಈಗಿಂದೀಗಲೇ ಕೊಡಬೇಕು ಎಂದು ಗದರಿದ. ಬೇಡ ಸಾವ್ಕಾರ್ರೇ, ಬೇಡ ಎಂದು ಬಾಯಿ ಬಡಿದುಕೊಂಡೆ. ಸೈನ್ ಬೀಳಲಿ, ಆಮೇಲೆ ಮಾತು ಎಂದು ಕೈ ಬೀಸಿದ.

ಭಕ್ತಿಗೀತೆ ಬಿಟ್ಟಲ್ಲಿಂದ ಶುರುವಾಯಿತು.

ಟಕ್...

ಎರಡೂ ಗೇಟು ಒಟ್ಟಿಗೆ ತೆರೆದುಕೊಂಡವು.

ಮೇಡಂರನ್ನು ಪಕ್ಕದ ಕಂಬಿಗೆ ಎಳೆದು ಉಸಿರು ಬಿಗಿಹಿಡಿದು ನಿಂತೆ. ಆನೆ ಒಳಗೆ ಬಂತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ... ತಿರುಗಿಯೂ ನೋಡಲಿಲ್ಲ! ಶಾಮಿಯಾನದ ಮುಂದೆ ಬಾಳೆಗೊನೆ ನೇತು ಹಾಕಿದ್ದರು, ಅದರ ಲಕ್ಷ್ಯವೆಲ್ಲ ಅಲ್ಲಿ. ಶರತ್ ಮೊಬೈಲಿನಿಂದ ತಲೆ ಎತ್ತಿದ. ಮತ್ತೆ ನಾನು ಅವನನ್ನು ನೋಡಿದ್ದು ಹುಣಸೆಮರದ ಮೇಲೆ.

ನಾವು ಆಚೆ ಹಾರಿ ಅವನ ಜೀಪಿನೊಳಗೆ ಸೇರಿಕೊಂಡೆವು. ಶಾಂತಮಲ್ಲಪ್ಪ ಪಂಚೆ ಎತ್ತಿಕಟ್ಟಿ ಓಡಿದ. ಎಲ್ಲಿಗೆ? ಆನೆಗೆ ಬಗ್ಗದ ಜಾಗ ಆ ಸುತ್ತಿನಲ್ಲಿ ಒಂದೇ ಇತ್ತು, ಅವನೇ ಕಟ್ಟಿದ್ದು! ಸ್ವಿಚ್ಚು ಬಿಟ್ಟ ಸ್ವಲ್ಪ ಹೊತ್ತಿಗೆ ಗೇಟು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿದ್ದರು. ಅದೊಂದು ಸರಿಯಾಗಿತ್ತು. ಸಾವ್ಕಾರ ಒಳಗೆ ಓಡಿದ, ಎರಡೂ ಮುಚ್ಚಿಕೊಂಡವು.

ಬಹಳ ಹೊತ್ತಾದ ಮೇಲೆ ಕಂಬಿಯ ಸಂದಿಯಿಂದ ಸಣ್ಣ ದನಿ ಬಂತು.

"ಒಪ್ಕಂಡೆ ಕಣಮ್ಮಿ. ಒಟ್ಗೇ ತಗುದ್ವು."

ಫಾರೆಸ್ಟಿನವರು ಪಟಾಕಿ ಸಿಡಿಸಿ ಆನೆಯನ್ನು ಅಟ್ಟುವವರೆಗೂ ಅವನು ಒಳಗೇ ಕೂತಿದ್ದ. ಆಡಿದ ಮಾತಿಗೆ ತಪ್ಪಲಿಲ್ಲ. ಪೆಟ್ಟಿಗೆಗೆ ಹೊಸ ಪ್ರೋಗ್ರಾಂ ಹಾಕಿಸಿದ. ಮೇಡಂ ಕಂಪ್ಯೂಟರು ಅದರ ದಾರಿಗಳನ್ನೆಲ್ಲ ಹುಡುಕಿ, ತಪ್ಪಿಲ್ಲ ಎಂದಿತು. ಮೇಡಂ ಸೈನ್ ಹಾಕಿದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು.

ಮೇಡಂ ಇದನ್ನೆಲ್ಲ ಸಂಶೋಧನಾ ಪ್ರಬಂಧ ಮಾಡಿ ವಿದೇಶದ ದೊಡ್ಡ ಕಾನ್ಫರೆನ್ಸಿಗೆ ಕಳಿಸಿದ್ದರು. ಮೊನ್ನೆ ಉತ್ತರ ಬಂತು. ತಿರಸ್ಕಾರ! ಗಣಿತ ಪೂರ್ತಿ ಸರಿಯಿದೆಯಂತೆ. ಆದರೆ ಒಂದು ಸ್ವಿಚ್ಚನ್ನು ಕಾವಲುಗಾರ ಬೆನ್ನಿನಿಂದ, ಇನ್ನೊಂದನ್ನು ಆನೆ ಹಣೆಯಿಂದ ಒತ್ತುವುದು ಎಲ್ಲೂ ನಡೆಯದ ಮಾತಂತೆ, ನಂಬುವಂಥ ಉದಾಹರಣೆ ಕೊಡಬೇಕಂತೆ. ಓದಿ ಹೇಳುವಾಗ ಮೇಡಂ ಕಣ್ಣಲ್ಲಿ ನೀರು ನಿಂತಿತ್ತು. ಸಲಗದ ಎದುರು ಅಳದ ಹೆಂಗಸು!

ಬರೆದವನು ಯಾರು ಎಂದು ಕೇಳಿದೆ. ಪ್ರಬಂಧ ಓದಿ ತೀರ್ಪು ಕೊಡುವವರ ಹೆಸರನ್ನು ಗುಟ್ಟಾಗಿಡುವುದು ಅವರ ಪದ್ಧತಿ, ಯಾರಿಗೂ ಹೇಳುವುದಿಲ್ಲ ಎಂದರು.

ನಾನು ಬೈಕಿನ ಕೀ ತೆಗೆದುಕೊಂಡು ಎದ್ದೆ. ನನ್ನ ಕಸುಬಿನಲ್ಲಿ ಗುಟ್ಟು ಎಂದರೆ ಒಂದು ವಾರದ ಕೆಲಸ.