ಗುಬ್ಬಿಯ ಗುರಿ, ಅಕ್ಕನ ನೆಪ

"ಇದನ್ನ ಬರೆದಿದ್ದು ನೀವೇನಾ?"

ಈಜುಕೊಳದ ಒದ್ದೆ ನೆಲದ ಮೇಲೆ ಚಪ್ಪಲಿ ಕಾಲಲ್ಲೇ ದಡದಡ ನಡೆದು ಬಂದವಳು ನೋಟ್‌ಬುಕ್ಕನ್ನು ಕೋಚ್ ಮುಖಕ್ಕೆ ಹಿಡಿದಳು. ನೀರಿನಲ್ಲಿದ್ದ ಹನ್ನೆರಡು ಮಕ್ಕಳೂ ಈಜು ನಿಲ್ಲಿಸಿ ತಲೆಯೆತ್ತಿದರು.

"ಹೌದು, ನಾನೇ," ಎಂದ ಕೋಚ್.

ಪುಟದ ಮೇಲೆ ಅವಳದೇ ದುಂಡಗಿನ ಅಕ್ಷರದಲ್ಲಿ, ಜಿಲ್ಲಾ ತಂಡಕ್ಕೆ ಆಯ್ಕೆಯಾಗಲು ತಂಗಿ ಮುಟ್ಟಬೇಕಾದ ಗುರಿ. 'ನೂರು ಮೀಟರ್ ಫ್ರೀಸ್ಟೈಲ್, ಒಂದು ನಿಮಿಷ ಐದು ಸೆಕೆಂಡ್.' ಅದಕ್ಕೆ ಅಡ್ಡಲಾಗಿ ಕೆಂಪು ಗೆರೆ! ಕೆಳಗೆ ಅವನ ಕೈಬರಹ: 'ಗೋಡೆ ಒದ್ದು ತಿರುಗಿದ ಮೇಲೆ ಮೊದಲ ಎರಡು ಸ್ಟ್ರೋಕ್ ಉಸಿರು ಬೇಡ. ಒಂದು ಲ್ಯಾಪ್‌ಗೆ ಹತ್ತೊಂಬತ್ತೇ ಸ್ಟ್ರೋಕ್. ಟೈಮಿಂಗ್ ನೋಡಬಾರದು.'

"ಆಯ್ಕೆ ಸ್ಪರ್ಧೆಗೆ ಇನ್ನು ಎರಡೇ ತಿಂಗಳು. ಈಗ ಟೈಮಿಂಗ್ ನೋಡಬಾರದಾ? ನನ್ನ ತಂಗಿ ಕೈಲಾಗಲ್ಲ ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

"ಗುರಿ ಕಡಿಮೆ ಮಾಡಿಲ್ಲ. ದಾರಿ ಬದಲಾಯಿಸಿದ್ದೀನಿ, ಅಷ್ಟೇ."

"ಯಾಕೆ?"

ಕೋಚ್ ಬಾಯಿ ತೆರೆದ. ನಾಲ್ಕನೇ ಲೇನ್‌ನಲ್ಲಿ ಹಗ್ಗ ಹಿಡಿದು ನಿಂತಿದ್ದ ಹದಿನಾಲ್ಕರ ತಂಗಿ, ಗುಬ್ಬಿ, ಬೇಡ ಎಂಬಂತೆ ತಲೆಯಾಡಿಸಿದಳು. ಅವನು ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದ.

"ಅದನ್ನ ನಾನು ಹೇಳೋ ಹಾಗಿಲ್ಲ."

ಅಕ್ಕ ಅವನನ್ನೇ ದಿಟ್ಟಿಸಿದಳು. ಎರಡು ವರ್ಷಗಳಿಂದ ಇವನನ್ನು ನೋಡುತ್ತಿದ್ದಾಳೆ. ಸೋತ ಮಗುವಿನ ಪಕ್ಕ ನೆಲದ ಮೇಲೇ ಕೂತು ಮಾತನಾಡುವವನು, ಇವಳು ಬಂದರೆ ಒಣಗಿದ ಕುರ್ಚಿ ಹುಡುಕಿ ತಂದು ಹಾಕುವವನು... *ಇವರೂ ಇಷ್ಟೇನಾ?*

"ಗುಬ್ಬಿ, ಮೇಲೆ ಬಾ! ನಾಳೆಯಿಂದ ಇಲ್ಲಿಗೆ ಬರೋದು ಬೇಡ."

ಟವೆಲ್ ಸುತ್ತಿಕೊಂಡು ಹೊರಟ ಹುಡುಗಿಗೆ ಕೋಚ್ ಒಂದೇ ಮಾತು ಹೇಳಿದ. "ಭುಜದ ವ್ಯಾಯಾಮ ಮಾತ್ರ ತಪ್ಪಿಸಬೇಡ, ಮರಿ."

ಅಕ್ಕ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಕೂರಿಸುವವಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಕೆಲಸ. ಆ ಅಚ್ಚುಕಟ್ಟುತನವೇ ಮನೆಯ ಗೋಡೆಗೂ ಬಂದಿತ್ತು. ಅಡುಗೆಮನೆಯ ಬಾಗಿಲ ಪಕ್ಕ ದೊಡ್ಡ ಚಾರ್ಟ್, ಪ್ರತಿ ಶನಿವಾರದ ಟೈಮಿಂಗ್‌ಗೆ ಒಂದು ನೀಲಿ ಚುಕ್ಕಿ. ಒಂದು ನಿಮಿಷ ಆರೂವರೆ ಸೆಕೆಂಡಿಗೆ ಇಳಿದಿದ್ದ ಚುಕ್ಕಿಗಳು ಎರಡು ತಿಂಗಳಿಂದ ಎಂಟರತ್ತ ಮೇಲೇರುತ್ತಿದ್ದವು. ಈಜಿನಲ್ಲಿ ಮೇಲೇರುವುದೆಂದರೆ ಹಿಂದೆ ಬೀಳುವುದು.

ಮೂರು ದಿನ ಗುಬ್ಬಿ ಶಾಲೆಯಿಂದ ಬಂದವಳೇ ಹಾಸಿಗೆ ಸೇರಿದಳು. ಅಕ್ಕ ಬೇರೆ ಕೋಚ್‌ನ ಸುದ್ದಿ ಎತ್ತಿದರೆ ಗೋಡೆಯ ಕಡೆ ಹೊರಳುತ್ತಿದ್ದಳು.

"ಕುದುರೇನ ನೀರಿನ ತನಕ ಕರ್ಕೊಂಡು ಹೋಗಬಹುದು, ಕುಡಿಸೋಕಾಗಲ್ಲ," ಎಂದರು ಅಮ್ಮ, ಆಸ್ಪತ್ರೆಯ ಡ್ಯೂಟಿಗೆ ಹೊರಡುತ್ತಾ. "ಕೂತು ಕೇಳು ಅವಳನ್ನ."

ಶನಿವಾರ ಸಂಜೆ ಚಾರ್ಟಿನಲ್ಲಿ ಖಾಲಿ ಬಿದ್ದ ಚೌಕದ ಮುಂದೆ ಅಕ್ಕ ಪೆನ್ನು ಹಿಡಿದು ನಿಂತಿದ್ದಾಗ ಹಿಂದಿನಿಂದ ಸಣ್ಣ ದನಿ ಬಂತು.

"ಅಕ್ಕಾ... ಅದನ್ನ ಕಿತ್ತುಹಾಕ್ತೀಯಾ?"

"ಯಾಕೋ ಪುಟ್ಟಾ?"

"ನೀರಿಗೆ ಹೆದರಿಕೆ ಇಲ್ಲ ಅಕ್ಕಾ. ಆ ಚುಕ್ಕಿಗೆ ಹೆದರಿಕೆ!" ಗುಬ್ಬಿಯ ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯಿತು. "ಅವತ್ತು ನೀನು ಅಮ್ಮನ ಹತ್ರ ಹೇಳಿದ್ದು ಕೇಳಿಸ್ಕೊಂಡೆ. 'ಗುಬ್ಬಿ ಆಯ್ಕೆ ಆಗೋವರೆಗೂ ನನ್ನ ಮದುವೆ ಮಾತು ಎತ್ತಬೇಡ' ಅಂದ್ಯಲ್ಲ? ಕೊನೇ ಲ್ಯಾಪ್ ಬಂದ ತಕ್ಷಣ ಅದೇ ನೆನಪಾಗುತ್ತೆ. ನಾನು ಲೇಟಾದಷ್ಟೂ ನಿನ್ನ ಮದುವೆನೂ ಲೇಟು ಅಂತ... ಗಂಟಲು ಕಟ್ಟಿ ಉಸಿರೇ ಬರಲ್ಲ. ಸರ್ ಹತ್ರ ಅತ್ತುಬಿಟ್ಟೆ. ನಿನಗೆ ಹೇಳಬಾರದು ಅಂತ ಅವರ ಹತ್ರ ಮಾತು ತಗೊಂಡೆ."

ಅಕ್ಕ ಪೆನ್ನನ್ನು ಪಕ್ಕಕ್ಕಿಟ್ಟಳು. *ಹನ್ನೆರಡು ಮಕ್ಕಳ ಎದುರು ಅಷ್ಟು ಬೈದೆನಲ್ಲ! ಕೊಟ್ಟ ಮಾತಿಗಾಗಿ ಅವರು ಎಲ್ಲವನ್ನೂ ನುಂಗಿಕೊಂಡರಲ್ಲ!*

ತಂಗಿಯನ್ನು ಎದೆಗವಚಿಕೊಂಡಳು. "ಅದು ನಿನಗೋಸ್ಕರ ಹೇಳಿದ್ದಲ್ಲ ಕಣೇ. ಬರ್ತಿದ್ದ ಸಂಬಂಧ ತಪ್ಪಿಸ್ಕೊಳ್ಳೋಕೆ ಒಂದು ನೆಪ, ಅಷ್ಟೇ."

ಗುಬ್ಬಿ ಮೂಗು ಒರೆಸಿಕೊಂಡಳು. "ಯಾಕೆ ತಪ್ಪಿಸ್ಕೋಬೇಕಿತ್ತು?"

ಅಕ್ಕನ ಕಿವಿ ಕೆಂಪಾಯಿತು, ಕಣ್ಣು ಕೋಚ್ ಬರೆದಿದ್ದ ನೋಟ್‌ಬುಕ್ಕಿನತ್ತ ಹೋಯಿತು.

"ಅಯ್ಯೋ... ಸರ್?! ನಮ್ಮ ಸರ್?!"

"ಶ್! ಅವರಿಗೆ ಹೇಳಿದ್ಯೋ, ಕಾಲು ಮುರೀತೀನಿ!"

"ಅಂದ್ರೆ ನಿನ್ನ ನೆಪಕ್ಕೆ ನಾನು ಎರಡು ತಿಂಗಳು ನೀರು ಕುಡಿದೆನಾ!"

ಅಳುತ್ತಲೇ ಇಬ್ಬರೂ ನಕ್ಕರು. ಚಾರ್ಟನ್ನು ಕಿತ್ತವಳು ಅಕ್ಕನೇ.

ಮರುದಿನ ಬೆಳಿಗ್ಗೆ ಅವಳು ಗುಬ್ಬಿಯೊಂದಿಗೆ ಈಜುಕೊಳದ ಹೊರಗೇ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದಳು. "ಕ್ಷಮಿಸಿ. ಬಾಯಿಗೆ ಬಂದ ಹಾಗೆ ಮಾತಾಡಿದೆ."

"ತಂಗಿ ಪರವಾಗಿ ಜಗಳಕ್ಕೆ ಬರೋ ಅಕ್ಕ ಇದ್ದಾರಲ್ಲ, ನನಗೆ ಅದೇ ಸಮಾಧಾನ," ಎಂದ ಅವನು. ಹೇಳಿ, ಒಣಗಿದ ಕುರ್ಚಿ ಹುಡುಕಲು ಹೋದ.

ಮೂವರೂ ಕೂತು ಹೊಸ ಪುಟ ತೆರೆದರು. ಈ ಸಲ ಪೆನ್ನು ಗುಬ್ಬಿಯ ಕೈಯಲ್ಲಿತ್ತು. ಮೊದಲ ವಾರ ತಿರುವಿನ ಉಸಿರು, ಎರಡನೆಯ ವಾರ ಸ್ಟ್ರೋಕ್‌ಗಳ ಎಣಿಕೆ. ಆದ ದಿನ ಅವಳೇ ಟಿಕ್ ಹಾಕಬೇಕು, ಆಗದ ದಿನ ಯಾಕೆ ಆಗಲಿಲ್ಲವೆಂದು ಒಂದು ಸಾಲು ಬರೆಯಬೇಕು. 'ಇವತ್ತು ನಿದ್ದೆ ಬರ್ತಿತ್ತು' ಎಂಬ ಸಾಲೂ ಅಲ್ಲಿತ್ತು. ಅಕ್ಕ ಈಗ ಟೈಮಿಂಗ್ ಎಷ್ಟು ಎಂದು ಕೇಳುತ್ತಿರಲಿಲ್ಲ. "ನೀರು ಹೇಗಿತ್ತು ಇವತ್ತು?" ಎನ್ನುತ್ತಿದ್ದಳು.

ಒಂದೇ ಒಂದು ವಿಷಯ ಅವಳನ್ನು ಕಾಡುತ್ತಿತ್ತು. ಕೋಚ್ ನಗುತ್ತಿದ್ದ, ಮಾತಾಡುತ್ತಿದ್ದ, ಆದರೆ ಒಂದು ಮೊಳ ದೂರ ಇಟ್ಟೇ ಇರುತ್ತಿದ್ದ. *ನನ್ನ ಮೇಲೆ ಅವರಿಗೆ ಏನೂ ಇಲ್ಲವೇನೋ...*

ಆಯ್ಕೆ ಸ್ಪರ್ಧೆಯ ದಿನ ಬಂತು. ಕೊನೆಯ ಲ್ಯಾಪ್‌ಗೆ ತಿರುಗಿದ ಗುಬ್ಬಿ ಎರಡು ಸ್ಟ್ರೋಕ್ ಉಸಿರೆಳೆಯಲಿಲ್ಲ. ಅಕ್ಕನೂ ಎಳೆಯಲಿಲ್ಲ! ಬೋರ್ಡಿನ ಮೇಲೆ ಅಂಕಿ ಮೂಡಿತು: ಒಂದು ನಿಮಿಷ ಐದು ಪಾಯಿಂಟ್ ಮೂರು ಒಂದು ಸೆಕೆಂಡ್.

ಸೆಕೆಂಡಿನ ಮೂರನೇ ಒಂದು ಪಾಲಿನಷ್ಟರಲ್ಲಿ ಆಯ್ಕೆ ತಪ್ಪಿತ್ತು.

ಅಕ್ಕ ಓಡಿ ಬರುವಷ್ಟರಲ್ಲಿ ಗುಬ್ಬಿ ನೀರಿನಿಂದ ಮೇಲೆ ಬಂದು ಕುಣಿಯುತ್ತಿದ್ದಳು. "ನನ್ನ ಬೆಸ್ಟ್ ಅಕ್ಕಾ! ಒಂದು ಸೆಕೆಂಡ್‌ಗಿಂತ ಜಾಸ್ತಿ ಕಡಿಮೆ ಮಾಡಿದೆ! ಗಂಟಲೂ ಕಟ್ಟಲಿಲ್ಲ! ಮುಂದಿನ ವರ್ಷ ನೋಡ್ತಿರು!" ಎಂದವಳೇ ಅಮ್ಮನಿಗೆ ಹೇಳಲು ಗ್ಯಾಲರಿಯತ್ತ ಓಡಿದಳು.

ಕೋಚ್ ಮಾತ್ರ ಗೋಡೆಗೊರಗಿ ನಿಂತಿದ್ದ, ಮುಖ ಸಪ್ಪೆ.

"ಅವಳೇ ಕುಣೀತಿದ್ದಾಳೆ, ನೀವ್ಯಾಕೆ ಹೀಗೆ?"

"ಅವಳ ಬಗ್ಗೆ ಖುಷಿನೇ. ಆದ್ರೆ..." ಅವನು ಕೈಯಲ್ಲಿದ್ದ ಸ್ಟಾಪ್‌ವಾಚನ್ನು ಜೇಬಿಗಿಳಿಸಿದ. "ಇನ್ನೂ ಒಂದು ವರ್ಷ ಕಾಯಬೇಕಲ್ಲ ಅಂತ."

"ಯಾತಕ್ಕೆ?"

"ನಿಮ್ಮನ್ನ ಒಂದು ಮಾತು ಕೇಳೋಕೆ. ಅವಳು ಆಯ್ಕೆ ಆಗೋವರೆಗೂ ಮದುವೆ ಮಾತು ಎತ್ತಬಾರದು ಅಂದಿದ್ರಂತೆ. ಅದಕ್ಕೇ ದೂರ ಇದ್ದೆ."

ಅವಳ ಕಣ್ಣು ತುಂಬಿ ಬಂತು, ತುಟಿಯ ಮೇಲೆ ನಗುವೂ ಬಂತು. ಆ ಮೊಳ ದೂರದ ಅರ್ಥ ಇದಾಗಿತ್ತೇ!

"ಅದು ನೆಪ ಆಗಿತ್ತು."

"ನೆಪನಾ? ಯಾಕೆ?"

"ಬೇರೆ ಯಾರನ್ನೂ ನೋಡೋಕೆ ಮನಸ್ಸಿರಲಿಲ್ಲ... ಇಲ್ಲಿ ಒಬ್ಬರನ್ನ ನೋಡಿದ ಮೇಲೆ."

ಕೊಳದ ಆಚೆ ತುದಿಗೆ ಕೇಳುವಂತೆ ಕೂಗುವವನ ಗಂಟಲಿನಿಂದ ಈಗ ದನಿಯೇ ಹೊರಡಲಿಲ್ಲ. ತುಟಿಗಳು ಅಲುಗಿದವು, ಅಷ್ಟೇ.

"ಆ ಮಾತು ಕೇಳಿದ್ರಾ?" ಎಂದಳು ಅವಳು ಮೆಲ್ಲಗೆ.

"ಕೇಳ್ದೆ... ಮನಸ್ಸಲ್ಲೇ."

"ನಾನೂ ಹೂಂ ಅಂದೆ. ಮನಸ್ಸಲ್ಲೇ."

"ಸ್ವಲ್ಪ ಜೋರಾಗಿ ಅನ್ನಿ. ಇಲ್ಲಿ ಸದ್ದು ಜಾಸ್ತಿ."

ಅವಳು ಒಂದು ಹೆಜ್ಜೆ ಮುಂದೆ ಬಂದು ಅವನ ಒದ್ದೆ ಕೈ ಹಿಡಿದಳು.

"ಹೂಂ."